ಕೆಳಗಿನ ಕಾಳು ಯಾಕೆ ತುಂಬಲಿಲ್ಲ? ಹಿಂಗಾರಿ ಜೋಳದ ಒಂದು ಹೊಲ, ಎರಡು ಹಂಗಾಮು

ಇದು ವಿಜಯಪುರ ಜಿಲ್ಲೆಯ ಒಂದು ಒಣಬೇಸಾಯದ ಮನೆತನದ ಪ್ರಕರಣ. ಊರು, ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಅಣ್ಣ, ತಮ್ಮ ಎಂದಷ್ಟೇ ಕರೆಯುತ್ತೇನೆ. ಅಣ್ಣ ಮನೆಯ ಲೆಕ್ಕ, ಸಂತೆ, ಸಾಲ ನೋಡಿಕೊಳ್ಳುತ್ತಾರೆ. ತಮ್ಮ ಹೊಲದಲ್ಲೇ ಇರುವವರು. ನಾನು ಕೃಷಿ ಓದಿ, ಆ ಭಾಗದ ರೈತರ ಜೊತೆ ಕೆಲಸ ಮಾಡುವವನು. ಎರಡು ಹಂಗಾಮು ಇವರ ಹೊಲವನ್ನು ಹತ್ತಿರದಿಂದ ನೋಡಿದೆ. ಬರಗಾಲದಲ್ಲಿ ಕಾಳು ಹೇಗೆ ಕಟ್ಟುತ್ತದೆ, ಅದರಲ್ಲಿ ಗಿಡದ ಹಾರ್ಮೋನುಗಳ ಕೆಲಸ ಏನು ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿನ್ನೆಲೆ

ಅವರದು ಆಳವಾದ ಎರೆ ಭೂಮಿ. ಬಾವಿ ಇಲ್ಲ, ಬೋರ್ ಇಲ್ಲ. ಜಿಲ್ಲೆಯ ವರ್ಷದ ಮಳೆ ಸರಾಸರಿ 600 ಮಿ.ಮೀ. ಆಸುಪಾಸು. ಅದರಲ್ಲೂ ಜಾಸ್ತಿ ಸುರಿಯುವುದು ಸೆಪ್ಟೆಂಬರಿನಲ್ಲಿ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಬಂದರೆ ಪುಣ್ಯ, ಬರದಿದ್ದರೆ ಮಣ್ಣಿನಲ್ಲಿ ಉಳಿದ ಹಸಿಯೇ ಗತಿ. ಸುಮಾರು ನಾಲ್ಕು ತಿಂಗಳು ಬೆಳೆ ಅದರ ಮೇಲೆಯೇ ಬದುಕಬೇಕು. ಹೂ ಬರುವುದು ಬಿತ್ತಿ 70-75 ದಿನಕ್ಕೆ. ಆ ಹೊತ್ತಿಗೆ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಅಂದರೆ ಗಿಡಕ್ಕೆ ನೀರು ಬಹಳ ಬೇಕಾದಾಗಲೇ ನೆಲದಲ್ಲಿ ನೀರು ಕಡಿಮೆ.

ತಳಿ ಮಾಲದಂಡಿ, ಎಂ 35-1. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದಲೇ ಆರಿಸಿ ತೆಗೆದ ಹಳೆಯ ತಳಿ ಇದು. ರೊಟ್ಟಿ ಚೆನ್ನಾಗಿ ಆಗುತ್ತದೆ, ಕಣಕಿ ದನಕ್ಕೆ ರುಚಿ. ಈ ಎರಡು ಕಾರಣಕ್ಕೆ ಎಷ್ಟೋ ಹೊಸ ತಳಿ ಬಂದರೂ ಈ ಭಾಗದ ಮನೆಗಳು ಇದನ್ನು ಬಿಟ್ಟಿಲ್ಲ.

ಹೊಲ ಎರಡು ತುಂಡು. ಒಂದು ಮನೆ ಹತ್ತಿರದ್ದು, ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುತ್ತಿದ್ದರು. ಇನ್ನೊಂದು ಹಳ್ಳದ ಕಡೆಯದು. ಅಲ್ಲಿ ಮೊದಲು ಹೆಸರು ಬಿತ್ತಿ, ಅದನ್ನು ಕಿತ್ತು, ಆಮೇಲೆ ಜೋಳ. ಹೆಸರಿನ ರೊಕ್ಕ ಗಣಪತಿ ಹಬ್ಬದ ಹೊತ್ತಿಗೆ ಕೈಗೆ ಬರುತ್ತದೆ. ಆ ರೊಕ್ಕದ ಮೇಲೆ ಅಣ್ಣನ ಎಷ್ಟೋ ಲೆಕ್ಕ ನಿಂತಿತ್ತು.

ಸಮಸ್ಯೆ ಕಂಡದ್ದು

ಮೊದಲ ಹಂಗಾಮಿನಲ್ಲಿ ಮನೆ ಹತ್ತಿರದ ಹೊಲವನ್ನು ಸೆಪ್ಟೆಂಬರ್ ಕೊನೆಗೆ, ಉತ್ತರಿ ಮಳೆಯ ಹಸಿಗೆ ಬಿತ್ತಿದ್ದರು. ಹಳ್ಳದ ಹೊಲ ತಡವಾಯಿತು. ಹೆಸರು ಕಿತ್ತು, ಹೊಲ ಹದ ಮಾಡಿ, ಮತ್ತೊಂದು ಮಳೆಗೆ ಕಾದು ಕೂರಿಗೆ ಹೂಡುವಾಗ ಅಕ್ಟೋಬರ್ ಅರ್ಧ ಕಳೆದಿತ್ತು. ಮೊಳಕೆ ಚೆನ್ನಾಗಿ ಬಂತು. ಸ್ವಾತಿ ಮಳೆಯ ಒಂದು ಹನಿ ಬಿದ್ದಾಗ ತಮ್ಮ ಖುಷಿಯಿಂದ ಇನ್ನೊಂದಿಷ್ಟು ಯೂರಿಯಾ ಕೊಟ್ಟರು. ಬೆಳೆ ಕಡು ಹಸಿರಾಗಿ, ಎಲೆ ಅಗಲವಾಗಿ ಎದ್ದಿತು. ದಾರಿಯಲ್ಲಿ ಹೋಗುವವರು ನಿಂತು ನೋಡುವ ಹಾಗಿತ್ತು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋದಾಗ ನನ್ನನ್ನೂ ಕರೆದಿದ್ದರು. ಮನೆ ಹತ್ತಿರದ ಹೊಲದಲ್ಲಿ ಕಾಳು ಹಾಲುಗಟ್ಟಿತ್ತು. ಹಳ್ಳದ ಹೊಲದಲ್ಲಿ ಆಗಷ್ಟೇ ಹೂ. ಮಧ್ಯಾಹ್ನ ಆಗುವ ಮೊದಲೇ ಎಲೆ ಸುರುಳಿ ಸುತ್ತಿತ್ತು. ಸಾಲಿನ ನಡುವೆ ಕೈ ಇಳಿಯುವಷ್ಟು ಬಿರುಕು. ತೆನೆಯನ್ನು ತಟ್ಟಿದರೆ ಹಾರುವ ಪರಾಗ ತೀರಾ ಕಡಿಮೆ.

ಕೊಯ್ಲಿಗೆ ಮುಂಚೆ ತಮ್ಮ ಒಂದು ತೆನೆ ಮುರಿದು ತಂದು ಕೈಗೆ ಕೊಟ್ಟರು. "ಸರ, ಮ್ಯಾಲ ಕಾಳು ಗುಂಡಗ ಅದಾವ. ಕೆಳಗ ನೋಡ್ರಿ, ಬರೇ ಹೊಟ್ಟು. ಒಂದ ತೆನಿಯೊಳಗ ಹಿಂಗ ಯಾಕ?"

ಅಂಗೈಯಲ್ಲಿ ಉಜ್ಜಿ ನೋಡಿದೆ. ಮೇಲಿನ ಮೂರನೇ ಒಂದು ಭಾಗದಲ್ಲಿ ಕಾಳು ದುಂಡಗೆ, ಮುತ್ತಿನ ಬಣ್ಣ. ನಡುವೆ ಸಣ್ಣವು, ಸುಕ್ಕುಗಟ್ಟಿದವು. ಕೆಳಗೆ ಬಹಳಷ್ಟು ಖಾಲಿ. ಜೋಳದ ತೆನೆ ಒಮ್ಮೆಲೇ ಹೂ ಬಿಡುವುದಿಲ್ಲ. ತುದಿಯಿಂದ ಶುರುವಾಗಿ ಕೆಳಗೆ ಇಳಿಯುತ್ತಾ ಹೋಗಿ, ಪೂರ್ತಿ ಮುಗಿಯಲು ಒಂದು ವಾರದ ಹತ್ತಿರ ಬೇಕು. ಹಾಗಾಗಿ ಒಂದೇ ತೆನೆಯಲ್ಲಿ ದಿನದಿಂದ ದಿನಕ್ಕೆ ಹಸಿ ಹೇಗೆ ಕಡಿಮೆಯಾಯಿತು ಎನ್ನುವುದು ಮೇಲಿಂದ ಕೆಳಗೆ ಬರೆದಿಟ್ಟಂತಿತ್ತು. ಅವರು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅವರ ಕೈಯಲ್ಲೇ ಇತ್ತು.

ಟಾನಿಕ್ ಹೊಡೆದದ್ದು

ಇದಕ್ಕೂ ಮೊದಲು, ಜನವರಿಯಲ್ಲಿ ಕಾಳು ಹಾಲುಗಟ್ಟುವಾಗ, ಪೇಟೆಯ ಗೊಬ್ಬರದ ಅಂಗಡಿಯಿಂದ ತಮ್ಮ ಒಂದು ಟಾನಿಕ್ ತಂದಿದ್ದರು. ಬಾಟಲಿಯ ಮೇಲೆ ಜಿಬ್ಬರೆಲಿಕ್ ಆಮ್ಲ ಎಂದು ಬರೆದಿತ್ತು. ಜಿಬ್ಬರೆಲಿನ್ ಎಂಬ ಗಿಡದ ಹಾರ್ಮೋನಿನ ಒಂದು ರೂಪ ಅದು. ಅಂಗಡಿಯವರ ವಾದ ಕೇಳಲು ಗಟ್ಟಿಯಾಗಿಯೇ ಇತ್ತು. ನಮ್ಮ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಇದನ್ನೇ ಅಲ್ವಾ ಬಳಸುವುದು? ದ್ರಾಕ್ಷಿ ದಪ್ಪ ಆಗುತ್ತದೆ, ಜೋಳ ಯಾಕೆ ಆಗಬಾರದು?

ದ್ರಾಕ್ಷಿಯ ವಿಷಯ ನಿಜವೇ. ಆದರೆ ಬೀಜವಿಲ್ಲದ ದ್ರಾಕ್ಷಿಯಲ್ಲಿ ಬೀಜ ತಯಾರಿಸಿ ಕೊಡಬೇಕಾದ ಜಿಬ್ಬರೆಲಿನ್ ಕಡಿಮೆ ಇರುತ್ತದೆ. ಹೊರಗಿನಿಂದ ಕೊಟ್ಟರೆ ಆ ಕೊರತೆ ತುಂಬುತ್ತದೆ. ಮೇಲಾಗಿ ಆ ತೋಟಕ್ಕೆ ಹನಿ ನೀರಾವರಿ ಇರುತ್ತದೆ, ಹಣ್ಣು ಹಿಗ್ಗಲು ನೀರು ಸಿಗುತ್ತದೆ. ಜೋಳದ ಕಾಳು ಅಂದರೆ ಅದೇ ಬೀಜ. ಅದಕ್ಕೆ ಕೊರತೆ ಇದ್ದದ್ದು ಜಿಬ್ಬರೆಲಿನ್‌ದಲ್ಲ. ಧಾನ್ಯದ ಗಿಡದಲ್ಲಿ ಜಿಬ್ಬರೆಲಿನ್ ಮುಖ್ಯವಾಗಿ ಕಾಂಡ, ಎಲೆ ಉದ್ದ ಮಾಡುತ್ತದೆ. ಮುಂದೆ ಬೀಜ ಮೊಳೆಯುವಾಗ ಪಿಷ್ಟ ಕರಗಿಸುವ ಕೆಲಸಕ್ಕೂ ಅದು ಬೇಕು. ತುಂಬುತ್ತಿರುವ ಕಾಳಿಗೆ ಅದನ್ನು ಸಿಂಪಡಿಸಿ ದಪ್ಪ ಮಾಡಬಹುದು ಎನ್ನಲು ನನಗಂತೂ ಆಧಾರ ಕಾಣಲಿಲ್ಲ.

ಹೊಡೆಯಬೇಡಿ ಎಂದು ಹೇಳಬಹುದಿತ್ತು. ಬಾಟಲಿ ತಂದಾಗಿತ್ತು, ದುಡ್ಡು ಕೊಟ್ಟಾಗಿತ್ತು. ಹಾಗಾಗಿ ಒಂದು ಮಾತು ಮಾತ್ರ ಕೇಳಿದೆ: ಹೊಲದ ನಡುವೆ ಕೆಲವು ಸಾಲು ಬಿಟ್ಟು ಹೊಡೆಯಿರಿ, ಎರಡೂ ತುದಿಗೆ ಕಟ್ಟಿಗೆ ನೆಡಿ. ಈ ಪ್ರಕರಣದಲ್ಲಿ ಮೊದಲ ತಿರುವು ಅದೇ. ಕೊಯ್ಲಿನಲ್ಲಿ ಎರಡೂ ಕಡೆಯಿಂದ ತೆನೆ ತಂದು, ಬಡಿದು, ಎಣಿಸಿ, ಊರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದೆವು. ಮಾಲದಂಡಿ ಚೆನ್ನಾಗಿ ತುಂಬಿದರೆ ನೂರು ಕಾಳು 3ರಿಂದ 3.5 ಗ್ರಾಂ ತೂಗಬೇಕು. ಮನೆ ಹತ್ತಿರದ ಹೊಲದ್ದು ಹಾಗೆಯೇ ತೂಗಿತು. ಹಳ್ಳದ ಹೊಲದ್ದು, ಹೊಡೆದ ಸಾಲಿನದ್ದಾಗಲಿ ಬಿಟ್ಟ ಸಾಲಿನದ್ದಾಗಲಿ, ಅದಕ್ಕಿಂತ ಬಹಳ ಕೆಳಗೆ. ಹೊಡೆದದ್ದಕ್ಕೂ ಬಿಟ್ಟದ್ದಕ್ಕೂ ತಕ್ಕಡಿ ವ್ಯತ್ಯಾಸ ತೋರಿಸಲಿಲ್ಲ. ಬಾಯಲ್ಲಿ ಎಷ್ಟು ಹೇಳಿದ್ದರೂ ತಮ್ಮ ಇಷ್ಟು ಖಾತ್ರಿಯಾಗಿ ನಂಬುತ್ತಿರಲಿಲ್ಲ.

ಇನ್ನೊಂದು ವಿಷಯವೂ ಅದೇ ಹೊತ್ತಿಗೆ ಕಂಡಿತು. ಫೆಬ್ರವರಿಯಲ್ಲಿ ಹಳ್ಳದ ಹೊಲದ ಗಿಡಗಳು ಬುಡದ ಹತ್ತಿರ ಬಾಗಿ ಬೀಳತೊಡಗಿದವು. ಕುಡುಗೋಲಿನಿಂದ ಒಂದು ಕಾಂಡ ಸೀಳಿದೆವು. ಒಳಗಿನ ಬೆಂಡು ನಾರು ನಾರಾಗಿ ಬಿಚ್ಚಿಕೊಂಡಿತ್ತು, ನಾರಿನ ಮೇಲೆಲ್ಲ ಕರಿ ಪುಡಿಯಂಥ ಸಣ್ಣ ಚುಕ್ಕೆ. ಅದು ಇದ್ದಿಲು ಕೊಳೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ, ಹೂ ಬಂದ ಮೇಲೆ ನೀರಿಲ್ಲದೆ ಬಸವಳಿದ ಗಿಡವನ್ನೇ ಹಿಡಿಯುತ್ತದೆ. ಕಾಳು ತುಂಬಲು ಎಲೆಯಿಂದ ಸಕ್ಕರೆ ಸಾಲದಾದಾಗ ಗಿಡ ಕಾಂಡದಲ್ಲಿ ಕೂಡಿಟ್ಟದ್ದನ್ನು ತೆಗೆದು ತೆನೆಗೆ ಕಳಿಸುತ್ತದೆ. ಕಾಂಡ ಬರಿದಾಗುತ್ತದೆ, ರೋಗಕ್ಕೆ ದಾರಿಯಾಗುತ್ತದೆ. ಕಾಳೂ ಹೋಯಿತು, ಕಣಕಿಯೂ ಹೋಯಿತು.

ಗಿಡದೊಳಗೆ ನಡೆದದ್ದು

ಆ ಬೇಸಿಗೆಯಲ್ಲಿ ಅವರ ಕಟ್ಟೆಯ ಮೇಲೆ ಕೂತು ನಾವು ಮಾತಾಡಿದ್ದು ಬಹುತೇಕ ಇದನ್ನೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನ ನಿರ್ಧಾರವೆಲ್ಲ ಇದರ ಮೇಲೆ ನಿಂತಿದೆ.

ಮಣ್ಣು ಒಣಗುತ್ತಿದೆ ಎಂದು ಗಿಡಕ್ಕೆ ಬೇಗ ಗೊತ್ತಾಗುತ್ತದೆ. ಬೇರು, ಎಲೆ ಎರಡರಲ್ಲೂ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ಏರುತ್ತದೆ. ಅದರಿಂದ ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಉಳಿಯುತ್ತದೆ. ಆದರೆ ಅದೇ ರಂಧ್ರದಿಂದ ಒಳಗೆ ಬರುವ ಇಂಗಾಲದ ಡೈಆಕ್ಸೈಡೂ ನಿಲ್ಲುತ್ತದೆ. ಸಕ್ಕರೆ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಬೇರಿನ ತುದಿಯಲ್ಲಿ ತಯಾರಾಗಿ ಮೇಲಕ್ಕೆ ಬರುವ ಸೈಟೊಕೈನಿನ್ ಇಳಿಯುತ್ತದೆ. ಜೀವಕೋಶ ಒಡೆದು ಎರಡಾಗಲು, ಎಲೆ ಹಸಿರಾಗಿ ಉಳಿಯಲು ಬೇಕಾದ ಹಾರ್ಮೋನ್ ಅದು.

ಈ ಬದಲಾವಣೆ ಯಾವ ಹಂತದಲ್ಲಿ ಬಂತು ಎನ್ನುವುದರ ಮೇಲೆ ನಷ್ಟ ನಿಂತಿದೆ. ತೆನೆ ಇನ್ನೂ ಎಲೆಯ ಒರೆಯೊಳಗೆ ಇರುವಾಗ, ಅಂದರೆ ಹೊಡೆಯಲ್ಲಿ, ಪರಾಗ ತಯಾರಾಗುತ್ತಿರುತ್ತದೆ. ಗೋಧಿ ಮತ್ತು ಭತ್ತದಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಆಗ ಬರ ಬಿದ್ದರೆ ಆಬ್ಸಿಸಿಕ್ ಆಮ್ಲ ಜಾಸ್ತಿಯಾಗಿ, ಪರಾಗಕ್ಕೆ ಸಕ್ಕರೆ ಒಡೆದು ಕೊಡುವ ಇನ್ವರ್ಟೇಸ್ ಎಂಬ ಕಿಣ್ವ ತಗ್ಗುತ್ತದೆ. ಪರಾಗದಲ್ಲಿ ಪಿಷ್ಟ ತುಂಬುವುದಿಲ್ಲ, ಅದು ಬರಡಾಗುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಆ ಹೂವಿಗೆ ಕಾಳು ಬರುವುದಿಲ್ಲ.

ಪರಾಗಸ್ಪರ್ಶ ಆದ ಮೇಲೆ ಮೊದಲ ಕೆಲವು ದಿನ ಇನ್ನೊಂದು ನಾಜೂಕಿನ ಸಮಯ. ಕಾಳಿನೊಳಗೆ ಪಿಷ್ಟ ತುಂಬಿಕೊಳ್ಳಬೇಕಾದ ಜೀವಕೋಶಗಳು ಆಗ ಭರಭರನೆ ಹೆಚ್ಚುತ್ತವೆ. ಸೈಟೊಕೈನಿನ್ ಆ ದಿನಗಳಲ್ಲಿ ಎಳೆ ಕಾಳಿನಲ್ಲಿ ಉಕ್ಕುತ್ತದೆ. ಗಿಡಗಳಲ್ಲಿ ಸಹಜವಾಗಿ ಸಿಗುವ ಸೈಟೊಕೈನಿನ್ ಜಿಯಾಟಿನ್ ಅನ್ನು ನ್ಯೂಜಿಲೆಂಡಿನಲ್ಲಿ ಡೇವಿಡ್ ಲೆಥಮ್ 1963ರಲ್ಲಿ ಬೇರ್ಪಡಿಸಿದ್ದೂ ಎಳೆ ಮೆಕ್ಕೆಜೋಳದ ಕಾಳಿನಿಂದಲೇ. ಆ ಹಂತದಲ್ಲಿ ಎಷ್ಟು ಕೋಶ ಆಯಿತೋ ಅಷ್ಟೇ. ಹಗೇವು ತೋಡುವಾಗ ಎಷ್ಟು ಆಳ ತೋಡಿದ್ದೇವೋ ಅಷ್ಟೇ ಜೋಳ ಹಿಡಿಯುತ್ತದೆ, ತುಂಬುವಾಗ ಅದನ್ನು ದೊಡ್ಡದು ಮಾಡಲು ಆಗುವುದಿಲ್ಲ ಎಂದು ಅಣ್ಣನಿಗೆ ಹೇಳಿದೆ. ಅವರ ಅಜ್ಜನ ಕಾಲದ ಹಗೇವು ಅಂಗಳದಲ್ಲೇ ಇದೆ. ತಕ್ಷಣ ಹಿಡಿದುಕೊಂಡರು.

ಸೈಟೊಕೈನಿನ್‌ಗೆ ಇಷ್ಟು ಶಕ್ತಿ ಇದೆ ಎನ್ನುವುದಕ್ಕೆ ಭತ್ತದಲ್ಲಿ ಒಳ್ಳೆಯ ಪುರಾವೆ ಇದೆ. ಜಪಾನಿನ ವಿಜ್ಞಾನಿಗಳು 2005ರಲ್ಲಿ ತೋರಿಸಿದ ಹಾಗೆ, ಸೈಟೊಕೈನಿನ್ ಅನ್ನು ಒಡೆಯುವ ಒಂದು ಕಿಣ್ವದ ಜೀನ್ ಮಂದವಾಗಿರುವ ತಳಿಯಲ್ಲಿ ತೆನೆಗೆ ಕಾಳು ಜಾಸ್ತಿ. ಆದರೆ ಅದು ಗಿಡದೊಳಗೆ, ಸರಿಯಾದ ಜಾಗದಲ್ಲಿ, ಸರಿಯಾದ ದಿನಗಳಲ್ಲಿ ನಡೆಯುವ ಕೆಲಸ. ಒಣಗಿದ ಹೊಲಕ್ಕೆ ಮೇಲಿನಿಂದ ಸಿಂಪಡಿಸುವುದು ಬೇರೆಯೇ ಮಾತು.

ಆಬ್ಸಿಸಿಕ್ ಆಮ್ಲವನ್ನು ಬರೀ ವೈರಿ ಎಂದು ನೋಡುವುದೂ ತಪ್ಪಾಗುತ್ತದೆ. ಚೀನಾದ ಯಾಂಗ್‌ಝೌ ವಿಶ್ವವಿದ್ಯಾಲಯದ ಯಾಂಗ್ ಜಿಯಾನ್‌ಚಾಂಗ್ ಮತ್ತು ಹಾಂಗ್‌ಕಾಂಗಿನ ಝಾಂಗ್ ಜಿಯಾನ್‌ಹುವಾ ಅವರ ತಂಡ ಭತ್ತ, ಗೋಧಿಯಲ್ಲಿ ವರ್ಷಗಟ್ಟಲೆ ಈ ವಿಷಯ ನೋಡಿದೆ. ಕಾಳು ತುಂಬುವಾಗ ಮಣ್ಣು ಹದವಾಗಿ ಒಣಗಿದರೆ ಆಬ್ಸಿಸಿಕ್ ಆಮ್ಲ ಸ್ವಲ್ಪ ಏರಿ, ಕಾಂಡದ ಸಕ್ಕರೆ ಚುರುಕಾಗಿ ಕಾಳಿಗೆ ಹೋಗುತ್ತದೆ. ತೀರಾ ಒಣಗಿದರೆ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನ್ ಜಾಸ್ತಿಯಾಗಿ ಕಾಳು ತುಂಬುವುದು ನಿಲ್ಲುತ್ತದೆ. ಎರಡರ ನಡುವಿನ ಪ್ರಮಾಣ ಮುಖ್ಯ. ಮನೆ ಹತ್ತಿರದ ಹೊಲವೂ ಒಣಗಿಯೇ ಇತ್ತಲ್ಲ, ಅಲ್ಲಿ ಕಾಳು ಹೇಗೆ ತುಂಬಿತು ಎಂದು ಅಣ್ಣ ಕೇಳಿದ್ದರು. ನನ್ನ ಅಂದಾಜಿನಲ್ಲಿ ಉತ್ತರ ಇದೇ. ಅಲ್ಲಿ ಹೂ ಬರುವಾಗ ಕೆಳಗೆ ಹಸಿ ಇತ್ತು, ಕಾಳು ಕಟ್ಟಿಯಾಗಿತ್ತು, ಒಣಗಿದ್ದು ತುಂಬುವ ಕೊನೆಯ ಭಾಗದಲ್ಲಿ.

ಹಾಗಾದರೆ ಹಳ್ಳದ ಹೊಲ ಹೂವಿನ ಹೊತ್ತಿಗೆ ಯಾಕೆ ಬರಿದಾಯಿತು? ಹೆಸರು ಒಂದಿಷ್ಟು ಹಸಿ ಕುಡಿದಿತ್ತು. ಬಿತ್ತನೆ ತಡವಾಗಿತ್ತು. ಜನ ನಿಂತು ನೋಡಿದ ಆ ಅಗಲ ಎಲೆ, ಡಿಸೆಂಬರ್ ತನಕ ಉಳಿಯಬೇಕಾದ ನೀರನ್ನು ನವೆಂಬರಿನಲ್ಲೇ ಖರ್ಚು ಮಾಡಿತ್ತು. ಇಥಿಯೋಪಿಯಾ ಮೂಲದ ಬಿ 35 ಎಂಬ ಜೋಳ ಬರದಲ್ಲೂ ಕೊನೆತನಕ ಹಸಿರಾಗಿರುತ್ತದೆ. ಅದರ ಗುಟ್ಟು ಹುಡುಕಿದವರಿಗೂ ಇಂಥದ್ದೇ ಸಿಕ್ಕಿತು: ಬುಡದಿಂದ ಒಡೆಯುವ ಮರಿ ತೆಂಡೆ ಕಡಿಮೆ, ಮೊದಲು ಎಲೆ ಕಡಿಮೆ, ಆದ್ದರಿಂದ ಹೂವಿನ ನಂತರಕ್ಕೆ ನೀರು ಉಳಿಯುತ್ತದೆ.

ಎರಡನೇ ಹಂಗಾಮು

ಮುಂದಿನ ಮುಂಗಾರಿಗೆ ಹಳ್ಳದ ಹೊಲದಲ್ಲಿ ಹೆಸರು ಬೇಡ, ಚೌಕುಮಡಿ ಹಾಕೋಣ ಎಂದು ತಮ್ಮ ಹೊರಟರು. ಜೂನ್‌ನಲ್ಲೇ ಹೊಲವನ್ನು ಸಣ್ಣ ಸಣ್ಣ ಚೌಕವಾಗಿ ಬದು ಕಟ್ಟಿದರೆ ಬಿದ್ದ ಮಳೆ ಹರಿದುಹೋಗದೆ ಅಲ್ಲೇ ಇಂಗುತ್ತದೆ. ಅಣ್ಣ ಒಪ್ಪಲಿಲ್ಲ. "ಹೆಸರ ಬಿಟ್ರ ಗಣಪತಿ ಹಬ್ಬಕ್ಕ ರೊಕ್ಕ ಎಲ್ಲಿಂದ ತರೂದು? ಬ್ಯಾಂಕಿನವ್ರು ಜೋಳ ಬರೂತನಕ ಕಾಯ್ತಾರೇನ?" ಈ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹಸಿ ಉಳಿಸಿ ಎಂದು ಸಲಹೆ ಕೊಡುವವರು ಬಹಳ ಜನ. ಅದಕ್ಕೆ ಬಿಡಬೇಕಾದ ಬೆಳೆಯ ಬೆಲೆ ಕಟ್ಟುವವರು ಕಡಿಮೆ.

ಕೊನೆಗೆ ಹೊಲವನ್ನು ಅರ್ಧ ಮಾಡಿದರು. ಒಂದರ್ಧ ಖಾಲಿ ಬಿಟ್ಟು ಚೌಕುಮಡಿ, ಇನ್ನೊಂದರ್ಧ ಹೆಸರು. ಚೌಕುಮಡಿಯ ಭಾಗವನ್ನು ಸೆಪ್ಟೆಂಬರ್ ಕೊನೆಗೆ ಬಿತ್ತಿದರು. ಸಾಲಿನ ನಡುವೆ 45 ಸೆಂ.ಮೀ., ಮೊಳೆತ ಮೇಲೆ ಹೆಚ್ಚಿನ ಸಸಿ ಕಿತ್ತು ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಸಸಿ ಕೀಳುವಾಗ ತಮ್ಮನ ಹೆಂಡತಿಗೆ ಬೇಸರವಾಗಿದ್ದು ಕಾಣುತ್ತಿತ್ತು, ಚೆನ್ನಾಗಿ ಬಂದ ಸಸಿಯನ್ನು ಕೈಯಾರೆ ಕೀಳುವುದು ಸುಮ್ನೆ ಮಾತಲ್ಲ. ಮೇಲೆ ಯೂರಿಯಾ ಕೊಡಲಿಲ್ಲ. ಬಿರುಕು ಬಿಡಲು ಶುರುವಾದ ಕೂಡಲೇ ಎಡೆಕುಂಟೆ ಹೊಡೆದು ಮುಚ್ಚಿದರು, ಮತ್ತೆ ಬಿರುಕು ಕಂಡಾಗ ಮತ್ತೆ ಹೊಡೆದರು.

ಹೆಸರಿನ ಅರ್ಧಕ್ಕೆ ಇನ್ನೊಂದು ದಾರಿ ಸಿಕ್ಕಿತು. ಪಕ್ಕದ ಹೊಲ ಅವರ ದೊಡ್ಡಪ್ಪನ ಮಗನದು, ಅಲ್ಲಿ ಕೃಷಿ ಹೊಂಡ ಇದೆ. ಒಂದು ಸಲ ತುಂತುರು ಪೈಪ್ ಹಾಕುವಷ್ಟು ನೀರು ಕೊಡಲು ಒಪ್ಪಿದರು. ಒಂದೇ ಸಲ. ಅದೂ ಪೂರ್ತಿ ಹೊಲಕ್ಕೆ ಸಾಲುವುದಿಲ್ಲ.

ಯಾವಾಗ ಕೊಡುವುದು? ಅಣ್ಣನ ಅನುಭವ ಹೇಳುವುದು ಹಾಲುಗಟ್ಟುವಾಗ ಎಂದು. ಕಾಳು ತುಂಬುವಾಗ ನೀರು ಬೇಕು ಎನ್ನುವುದು ತಪ್ಪಲ್ಲವಲ್ಲ. ನಾನು ಹೊಡೆಯಲ್ಲಿ ಕೊಡಿ ಎಂದೆ. ಇಬ್ಬರ ಮಾತೂ ಕೇಳಿದ ತಮ್ಮ, ನಾವು ಯಾರೂ ಹೇಳದ್ದನ್ನು ಮಾಡಿದರು. ಒಂದು ಪಟ್ಟಿಗೆ ಹೊಡೆಯಲ್ಲಿ, ಇನ್ನೊಂದು ಪಟ್ಟಿಗೆ ಹಾಲುಗಟ್ಟುವಾಗ, ಉಳಿದದ್ದಕ್ಕೆ ಏನೂ ಇಲ್ಲ. ಹಿಂದಿನ ವರ್ಷ ಸಾಲು ಬಿಟ್ಟು ನೋಡಿದ್ದು ಅವರ ಕೈಗೆ ರೂಢಿಯಾಗಿತ್ತು.

ಆದದ್ದು

ನೀರು ಕೊಡದ ಪಟ್ಟಿಯಲ್ಲಿ ಹಿಂದಿನ ವರ್ಷದ್ದೇ ಚಿತ್ರ, ಯೂರಿಯಾ ಕಡಿಮೆ ಮಾಡಿದ್ದಕ್ಕೋ ಏನೋ ಸ್ವಲ್ಪ ವಾಸಿ. ಹಾಲುಗಟ್ಟುವಾಗ ನೀರು ಕಂಡ ಪಟ್ಟಿಯಲ್ಲಿ ಮೇಲಿನ ಕಾಳು ಇನ್ನೂ ದುಂಡಗಾದವು, ತೂಕ ಬಂತು. ಗಿಡ ಬೀಳುವುದೂ ತಗ್ಗಿತು. ಆದರೆ ತೆನೆಯ ಕೆಳಭಾಗ ಖಾಲಿಯೇ ಉಳಿಯಿತು. ಹೊಡೆಯಲ್ಲಿ ನೀರು ಕಂಡ ಪಟ್ಟಿಯಲ್ಲಿ ತೆನೆ ಬುಡದವರೆಗೆ ಕಾಳು ಕಟ್ಟಿತ್ತು. ಒಂದೊಂದು ಕಾಳು ಹಾಲುಗಟ್ಟುವ ಪಟ್ಟಿಯ ಮೇಲಿನ ಕಾಳಿಗಿಂತ ತುಸು ಸಣ್ಣದೇ. ಆದರೆ ಎಣಿಕೆ ಜಾಸ್ತಿ ಇದ್ದುದರಿಂದ ತೆನೆಯ ಒಟ್ಟು ತೂಕದಲ್ಲಿ ಇದೇ ಮುಂದೆ ಬಂತು.

ಚೌಕುಮಡಿಯ ಅರ್ಧಕ್ಕೆ ಹೊಂಡದ ಒಂದು ಹನಿಯೂ ಹೋಗಿರಲಿಲ್ಲ. ಅದು ಹೊಡೆಯಲ್ಲಿ ನೀರು ಕಂಡ ಪಟ್ಟಿಗೆ ಸರಿಸಮ ನಿಂತಿತು. ಕಣಕಿಯಂತೂ ಅದಕ್ಕಿಂತ ಚೆನ್ನಾಗಿತ್ತು, ಕೆಳಗಿನ ಎಲೆಗಳು ಜನವರಿಯಲ್ಲೂ ಹಸಿರಿದ್ದವು. ಬೇರು ಆಳದ ಹಸಿಯನ್ನು ಮುಟ್ಟುತ್ತಿದ್ದಷ್ಟು ದಿನ ಸೈಟೊಕೈನಿನ್ ಮೇಲಕ್ಕೆ ಬರುತ್ತಿತ್ತು, ಎಲೆ ಬೇಗ ಹಣ್ಣಾಗಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಹಾರ್ಮೋನ್ ಅಳೆಯುವ ಸಲಕರಣೆ ಹೊಲದಲ್ಲಿ ಇರಲಿಲ್ಲ. ಕಂಡದ್ದು ಎಲೆ, ತೆನೆ, ತೂಕ ಮಾತ್ರ.

ಎರಡನೇ ವರ್ಷ ಚಿತ್ತಿ ಮಳೆಯೂ ಸ್ವಲ್ಪ ಕೈಹಿಡಿದಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೌಕುಮಡಿಯ ಭಾಗ ಬೇಗ ಬಿತ್ತಿದ್ದು ಕೂಡ. ಹಾಗಾಗಿ ಬದುವಿಗೆ ಎಷ್ಟು ಪಾಲು, ಬಿತ್ತನೆಯ ದಿನಕ್ಕೆ ಎಷ್ಟು ಪಾಲು ಎಂದು ಈ ಹೊಲದಿಂದ ಬಿಡಿಸಿ ಹೇಳಲಾಗದು. ಹೊಡೆ ಮತ್ತು ಹಾಲಿನ ಪಟ್ಟಿಗಳ ಹೋಲಿಕೆ ಮಾತ್ರ ಗಟ್ಟಿ. ಎರಡೂ ಅಕ್ಕಪಕ್ಕ, ಒಂದೇ ದಿನ ಬಿತ್ತಿದ್ದು, ಒಂದೇ ಬೀಜ.

ಕೊಯ್ಲು ಮುಗಿದ ಮೇಲೆ ಅಣ್ಣ ಲೆಕ್ಕದ ಪುಸ್ತಕ ತಂದು ಕೂತರು. ಹೆಸರಿನ ಅರ್ಧದ ಹೆಸರು ಮತ್ತು ಜೋಳ ಒಂದು ಕಡೆ, ಚೌಕುಮಡಿ ಅರ್ಧದ ಜೋಳ ಮತ್ತು ಕಣಕಿ ಇನ್ನೊಂದು ಕಡೆ. ಆ ವರ್ಷ ಕಣಕಿಗೆ ಒಳ್ಳೆಯ ದರ ಇತ್ತು, ಹಾಗಾಗಿ ಎರಡೂ ಹತ್ತಿರ ಹತ್ತಿರ ಬಂದವು. ಅಣ್ಣ ಹೆಸರನ್ನು ಪೂರ್ತಿ ಬಿಡಲು ಈಗಲೂ ಒಪ್ಪಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಅವರು ಒಪ್ಪಿರುವುದು ಇಷ್ಟು: ಅರ್ಧರ್ಧ ಹಾಗೇ ಇರಲಿ, ವರ್ಷಕ್ಕೊಮ್ಮೆ ಭಾಗ ಬದಲಾಗಲಿ. ಹೆಸರಿನ ಭಾಗದ ಜೋಳಕ್ಕೆ ಹೊಂಡದ ನೀರನ್ನು ಹೊಡೆಗೇ ಮೀಸಲಿಡುವುದು, ಆ ವರ್ಷ ಹೊಂಡ ತುಂಬಿರದಿದ್ದರೆ ಅಲ್ಲಿ ಜೋಳದ ಬದಲು ಬೇಗ ಮುಗಿಯುವ ಕಡಲೆ ಬಿತ್ತುವುದು. ಟಾನಿಕ್ಕಿನ ದುಡ್ಡು ದೊಡ್ಡಪ್ಪನ ಮಗನ ಡೀಸೆಲ್‌ಗೆ.